ಮೂರು ತಂತಿಯ ಕೇಬಲ್ಲು

ದಪ್ಪ ಕಾಗದಕ್ಕೆ ಮಳೆಗಾಲದ ತೇವ ತಗುಲಿದರೆ ಒಂದು ವಾಸನೆ ಬರುತ್ತದೆ. ಸ್ವಲ್ಪ ಒದ್ದೆ ರಟ್ಟು, ಸ್ವಲ್ಪ ಅಂಟು, ಸ್ವಲ್ಪ ಹಳೆಯ ಶಾಲೆಯ ಬೀರು. ಮೊನ್ನೆ ಮೈಸೂರಿನ ಮನೆಯಲ್ಲಿ ಶಾಲುಗಳನ್ನು ಬಿಸಿಲಿಗೆ ಹಾಕೋಣವೆಂದು ಕಪಾಟು ತೆಗೆದಾಗ ಆ ವಾಸನೆ ಮುಖಕ್ಕೆ ಬಂತು. ಕೆಂಪಂಚಿನ ಬಿಳಿ ಸೀರೆಯೊಂದರ ಮಡಿಕೆಯೊಳಗೆ ಕಂದು ಬಣ್ಣದ ಒಂದು ಹಾಳೆ ಇತ್ತು. ಶಾಯಿ ಇಲ್ಲ, ಬರೀ ಚುಕ್ಕೆಗಳು. ಹೆಬ್ಬೆರಳಿನಿಂದ ಸವರಿ ನೋಡಿದೆ. ಅಂಚಿನ ಚುಕ್ಕೆಗಳು ಮೆತ್ತಗಾಗಿವೆ. ಹಾಳೆಯ ನಡುವೆ ಎರಡು ಸಾಲಿನಷ್ಟು ಜಾಗ ಪೂರ್ತಿ ನುಣ್ಣಗಿದೆ. ಅದು ತೇವದ ಕೆಲಸವಲ್ಲ. ಆ ಎರಡು ಸಾಲು ಮೊದಲಿನಿಂದಲೂ ಹಾಗೆಯೇ ಇದ್ದವು.

ಶಾಲುಗಳು ಅಲ್ಲೇ ಉಳಿದವು. ನಾನು ಮಂಚದ ತುದಿಯಲ್ಲಿ ಕೂತುಬಿಟ್ಟೆ.

ಆಗ ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಇವರಿಗೆ, ಅಂದರೆ ನನ್ನ ಯಜಮಾನರಿಗೆ, ಕೇಂದ್ರ ಸರ್ಕಾರದ ನೌಕರಿ; ಕೋಲ್ಕತ್ತಕ್ಕೆ ವರ್ಗವಾಗಿತ್ತು. ಡಮ್ ಡಮ್‌ನಲ್ಲಿ ಕ್ವಾರ್ಟರ್ಸ್. ವಿಮಾನಗಳು ಎಷ್ಟು ಕೆಳಗೆ ಹಾರುತ್ತಿದ್ದವೆಂದರೆ ತಾರಸಿಯಲ್ಲಿ ಒಣಹಾಕಿದ ಹಪ್ಪಳದ ಮೇಲೆ ಅವುಗಳ ನೆರಳು ಹಾದುಹೋಗುತ್ತಿತ್ತು. ಮಗಳು ನಿಧಿ ಐದನೇ ತರಗತಿ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ. ಅವರಿಬ್ಬರೂ ಹೊರಟ ಮೇಲೆ ಹತ್ತರಿಂದ ಮೂರರವರೆಗೆ ಮನೆಯಲ್ಲಿ ನಾನೊಬ್ಬಳೇ. ಊರಿಗೆಲ್ಲ ಕಂಪ್ಯೂಟರಿನ ಹುಚ್ಚು ಹಿಡಿದಿದ್ದ ಕಾಲ ಅದು. ಸಾಲ್ಟ್ ಲೇಕ್‌ನ ಸೆಕ್ಟರ್ ಐದರಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು, ನಮ್ಮ ಬ್ಲಾಕಿನ ಪ್ರತಿ ಮನೆಯಲ್ಲೂ ಒಬ್ಬರಾದರೂ ಯಾವುದೋ ಕೋರ್ಸಿಗೆ ಸೇರಿದ್ದರು. ಅಲ್ಲಿನ ಕಂಪನಿಗಳು ಹೊಸ ಕಂಪ್ಯೂಟರು ತಂದಾಗ ಹಳೆಯವನ್ನು ಶಾಲೆಗಳಿಗೆ ಕೊಡುತ್ತಿದ್ದವು. ಹಾಗೆ ದಾನ ಬಂದ ಒಂದು ಕಂಪ್ಯೂಟರಿನಿಂದಾಗಿ ನಾನು ದಕ್ಷಿಣೇಶ್ವರದ ಅಂಧ ಹೆಣ್ಣುಮಕ್ಕಳ ಶಾಲೆಗೆ ಹೋಗುವಂತಾಯಿತು.

ಕರೆದುಕೊಂಡು ಹೋದವಳು ಸುನಂದಾ. ಧಾರವಾಡದವಳು, ಅಲ್ಲಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬರುವಳು. ನಾನು ತಟ್ಟುವ ರೊಟ್ಟಿಯನ್ನು ನೋಡಿ, "ವೈನಿ, ಇದು ರೊಟ್ಟಿ ಅಲ್ರಿ, ಭಾರತದ ನಕಾಶಿ," ಎಂದು ಹೇಳಿ ನಾಲ್ಕು ತಿನ್ನುವಳು. ಆ ಕಂಪ್ಯೂಟರಿಗೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಟ್ಟವಳು ಅವಳೇ.

"ಸೀನಿಯರ್ ಟೈಪಿಂಗ್ ಪಾಸಾಗೇನಿ ಅಂತೀರಿ. ಕಾನ್ವೆಂಟ್ ಇಂಗ್ಲಿಷ್ ಬ್ಯಾರೆ. ಮತ್ತ ದಿನಾ ಮನ್ಯಾಗ ಪರದಾ ಒಗಕೋತ ಯಾಕ ಕೂಡ್ತೀರಿ? ಬರ್ರಿ ನನ್ನ ಜೋಡಿ," ಎಂದಳು ಒಂದು ದಿನ.

ಡಮ್ ಡಮ್‌ನಿಂದ ಲೋಕಲ್ ರೈಲಿನಲ್ಲಿ ಸ್ವಲ್ಪವೇ ಹೊತ್ತು. ಶಾಲೆ ಗಂಗೆಯ ಕಡೆಗೆ ಹೋಗುವ ಓಣಿಯಲ್ಲಿತ್ತು. ಹಳೆಯ ಮನೆ, ಮರದ ಅಡ್ಡಪಟ್ಟಿಗಳ ಹಸಿರು ಕಿಟಕಿಗಳು. ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ಬೊಡ್ದಿ ಎನ್ನುತ್ತಿದ್ದರು, ದೊಡ್ಡಕ್ಕ ಎಂದು ಅರ್ಥ. ಅವರಿಗೂ ಹುಟ್ಟಿನಿಂದ ಕಣ್ಣಿಲ್ಲ. ಯಾರಾದರೂ ಕೋಣೆಗೆ ಬಂದರೆ ಚಪ್ಪಲಿ ಸದ್ದಿನಿಂದಲೇ ಗುರುತಿಸುವರು. ಮೂಲೆಯ ಕೋಣೆಯಲ್ಲಿ ಬ್ರೈಲ್ ಅಚ್ಚು ಹಾಕುವ ಯಂತ್ರವಿತ್ತು, ವಿದೇಶದಿಂದ ದಾನ ಬಂದದ್ದು. ಅದರ ಬೆನ್ನಿಗೆ ಒಂದೇ ಒಂದು ಕಿಂಡಿ; ಸೀರಿಯಲ್ ಪೋರ್ಟ್ ಎಂದು ಅದರ ಹೆಸರು. ಕಂಪ್ಯೂಟರಿನ ಅಂಥದ್ದೇ ಕಿಂಡಿಗೂ ಇದಕ್ಕೂ ನಡುವೆ ಒಂದು ಕೇಬಲ್ಲು. ನಾನು ಪಠ್ಯವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು, ಒಂದು ಪ್ರೋಗ್ರಾಂ ಅದನ್ನು ಬ್ರೈಲಿಗೆ ತಿರುಗಿಸುತ್ತದೆ, ಆಮೇಲೆ ಸುನಂದಾ ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿದ ಆಜ್ಞೆಯನ್ನು ಕುಟ್ಟಿದರೆ ಯಂತ್ರ ಶುರು. ದಪ್ಪ ಹಾಳೆಯ ಮೇಲೆ ಚುಕ್ಕೆ ಒತ್ತುವಾಗ ತಗಡಿನ ಮೇಲೆ ಆಲಿಕಲ್ಲು ಸುರಿದಂಥ ಸದ್ದು. ಹುಡುಗಿಯರು ಆ ಯಂತ್ರಕ್ಕೆ ಠಾಕುಮಾ, ಅಜ್ಜಿ, ಎಂದು ಹೆಸರಿಟ್ಟಿದ್ದರು. ಸುಮ್ಮನೆ ಗೊಣಗುತ್ತಾಳಂತೆ.

ಆ ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಹನ್ನೆರಡನೇ ತರಗತಿ ಓದುತ್ತಿದ್ದವಳು ಮಿತಾಲಿ ಒಬ್ಬಳೇ. ಹದಿನೇಳು ತುಂಬಿತ್ತು. ಎರಡು ಜಡೆ, ಒಂದು ಯಾವಾಗಲೂ ಇನ್ನೊಂದಕ್ಕಿಂತ ಸಡಿಲ. ಕಾಲೇಜಿಗೆ ಹೋಗಬೇಕು, ಟೀಚರಾಗಬೇಕು ಎಂಬ ಆಸೆ. ಇತಿಹಾಸದ ಪುಸ್ತಕ ಅವಳಿಗೆ ಬ್ರೈಲಿನಲ್ಲಿ ಎಲ್ಲೂ ಸಿಗಲಿಲ್ಲ. ಅದನ್ನು ಪಾಠದಿಂದ ಪಾಠಕ್ಕೆ ಟೈಪ್ ಮಾಡಿ ಅಚ್ಚು ಹಾಕಿಕೊಡುವುದು ನನ್ನ ಪಾಲಿನ ಕೆಲಸವಾಯಿತು. ನಮ್ಮ ಮಾತು ಹಿಂದಿ, ಇಂಗ್ಲಿಷ್, ನನ್ನ ಮುರುಕು ಬಂಗಾಳಿ ಮೂರೂ ಸೇರಿದ್ದು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ನನ್ನನ್ನು ಅವಳು ಮಾಶಿ ಎನ್ನುತ್ತಿದ್ದಳು. ನಮ್ಮಲ್ಲಿ ಚಿಕ್ಕಮ್ಮ ಅಂದಹಾಗೆ.

ಜೂನ್ ತಿಂಗಳು, ಮಳೆ ಹಿಡಿದಿತ್ತು. ಯಂತ್ರವಿದ್ದ ಗೋಡೆಯ ಆಚೆ ಬದಿಗೇ ಚಿಕ್ಕ ಮಕ್ಕಳ ತರಗತಿ ಇತ್ತು. ಠಾಕುಮಾ ಗೊಣಗತೊಡಗಿದರೆ ಪಾಪ ಆ ಟೀಚರು ಪಾಠ ನಿಲ್ಲಿಸಿ ಕಾಯುವರು. ನನಗೆ ಅದು ಸಂಕೋಚವಾಯಿತು. ಯಾರೂ ಹೇಳದಿದ್ದರೂ ನಾನೇ ಮುಂದಾಗಿ ಯಂತ್ರವನ್ನು ಆಚೆ ಮೂಲೆಗೆ ಸರಿಸಿ, ಅದಕ್ಕೊಂದು ಮರದ ಪೆಟ್ಟಿಗೆ ಮುಚ್ಚಿ, ಮೇಲೆ ಹಳೆಯ ಕೌದಿ ಹೊದಿಸಿದೆ. ಆದರೆ ಕೇಬಲ್ಲು ಅಲ್ಲಿಯವರೆಗೆ ಎಟುಕಲಿಲ್ಲ. ಮೆಟ್ರೋದಲ್ಲಿ ಎಸ್ಪ್ಲನೇಡ್ ಕಡೆಗೆ ಹೋಗಿ, ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಸಾಲಿನಲ್ಲಿ ಉದ್ದನೆಯದೊಂದನ್ನು ಕೇಳಿದೆ. ಅಂಗಡಿಯವನು ಎರಡು ತೋರಿಸಿದ. ಒಂದು ನಮ್ಮ ಹಳೆಯದರ ಹಾಗೆ ಹೆಬ್ಬೆರಳು ಗಾತ್ರದ್ದು, ಬಿಗಿ, ಕಪ್ಪು. ಇನ್ನೊಂದು ತೆಳ್ಳಗೆ, ತಿಳಿ ಬೂದು ಬಣ್ಣ. "ಯಾವುದು ಬೇಕು ಬೌದಿ?" ಎಂದ, ಅತ್ತಿಗೆ ಎನ್ನುವ ಹಾಗೆ. ತೆಳ್ಳನೆಯದು ಗೋಡೆಯಂಚಿನಲ್ಲಿ ಕಾಣದ ಹಾಗೆ ಕೂರುತ್ತದೆ, ಹುಡುಗಿಯರ ಕಾಲಿಗೆ ತೊಡರುವುದಿಲ್ಲ ಎಂದು ಅದನ್ನೇ ತಂದೆ. ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಲಿಲ್ಲ. ಹಿಂದೆ ಇಬ್ಬರು ಕಾಯುತ್ತಿದ್ದರು.

ಹೊಸ ಕೇಬಲ್ಲು ಸಿಕ್ಕಿಸಿದರೆ ಯಂತ್ರ ಮೂಕ. ಶಾಲೆಯ ಫೋನಿನಿಂದ ಸುನಂದಾಗೆ ಹಚ್ಚಿದೆ.

"ಲಗೂ ಹೇಳ್ರಿ ವೈನಿ, ನಮ್ಮ ಗೈಡು ಬಾಗಲದಾಗ ನಿಂತಾರ."

"ಆಜ್ಞೆ ಕೊಟ್ಟರೆ ಏನೂ ಆಗ್ತಿಲ್ಲ ಕಣೆ. ದೀಪ ಇದೆ, ಸದ್ದಿಲ್ಲ."

"ಕೇಬಲ್ ಬದಲಿ ಮಾಡೀರೇನು? ಹಂಗಾರ ಬರಕೋರಿ. ಎಸ್, ಟಿ, ಟಿ, ವೈ..." ಎಂದು ಒಂದೊಂದೇ ಅಕ್ಷರ ಹೇಳಿದಳು. ಕೊನೆಗೆ ಸಿ, ಆರ್, ಟಿ, ಎಸ್, ಸಿ, ಟಿ, ಎಸ್. "ಅದರ ಮುಂದ ಒಂದು ಮೈನಸ್. ಮೈನಸ್ ಮರೀಬ್ಯಾಡ್ರಿ ಮತ್ತ."

ಕುಟ್ಟಿದೆ. ಕೌದಿಯೊಳಗಿಂದ ಠಾಕುಮಾ ಗೊಣಗಿದಳು. ಒಂದು ಪುಟ ಹೊರಬಂತು. ಬೊಡ್ದಿ ಬೆರಳಾಡಿಸಿ, "ಖೂಬ್ ಭಾಲೋ," ಎಂದರು. ನನಗೆ ಎಷ್ಟು ಹಿಗ್ಗು!

"ಈ ಮೈನಸ್ ಅಂದ್ರೆ ಏನು ಸುನಂದಾ?"

"ಆಮ್ಯಾಲೆ ಹೇಳತೇನ್ರಿ," ಎಂದು ಫೋನಿಟ್ಟಳು. ಅವಳು ಆಮೇಲೆ ಹೇಳಲಿಲ್ಲ. ನಾನು ಆಮೇಲೆ ಕೇಳಲಿಲ್ಲ.

ಆ ಮಳೆಗಾಲವೆಲ್ಲ ನಾನು ಟೈಪ್ ಮಾಡಿದೆ. ಓಣಿಯಲ್ಲಿ ಮೊಣಕಾಲವರೆಗೆ ನೀರು ನಿಂತ ದಿನವೂ ಸೀರೆ ಎತ್ತಿ ಹಿಡಿದುಕೊಂಡು ಹೋಗಿದ್ದೇನೆ. ಪ್ರತಿ ಪಾಠ ಹತ್ತು ಹನ್ನೆರಡು ಹಾಳೆ. ಬೊಡ್ದಿ ಮೊದಲ ಹಾಳೆಯನ್ನು ಓದಿ ತಲೆಯಾಡಿಸಿದರೆ, ನಾನು ಉಳಿದವನ್ನು ಜೋಡಿಸಿ ದಾರ ಹೊಲಿದು ಮಿತಾಲಿಗೆ ಕೊಡುವುದು. ಅಚ್ಚಾಗುವಾಗ ಪೆಟ್ಟಿಗೆಯ ಪಕ್ಕದಲ್ಲೇ ಕೂತು ಪಟೋಲ್ ಹೆರೆಯುತ್ತಿದ್ದೆ. ಬಂಗಾಳದಲ್ಲಿ ಆ ತರಕಾರಿಯಿಲ್ಲದೆ ಮಳೆಗಾಲ ಕಳೆಯುವುದಿಲ್ಲ. ಪೆಟ್ಟಿಗೆಯ ಸಂದಿನಿಂದ ಯಂತ್ರದ ಹಸಿರು ದೀಪ ಕಾಣುತ್ತಿತ್ತು. ಪಾಠ ಸುಮಾರು ದೂರ ಸಾಗಿದ ಮೇಲೆ ಆ ದೀಪ ಆರುವುದು, ಹೊತ್ತುವುದು, ಮತ್ತೆ ಆರುವುದು. ಅಜ್ಜಿ ಕಣ್ಣು ಮಿಟುಕಿಸುತ್ತಾಳೆ ಎಂದು ನನ್ನಷ್ಟಕ್ಕೆ ನಗುತ್ತಿದ್ದೆ.

ದುರ್ಗಾಪೂಜೆಯ ರಜೆಗೆ ಮುಂಚೆ ಶಾಲೆಯಲ್ಲೇ ಒಂದು ಪರೀಕ್ಷೆ ನಡೆಯಿತು. ನವೆಂಬರಿನಲ್ಲಿ ಟೆಸ್ಟ್ ಎನ್ನುವ ದೊಡ್ಡ ಪರೀಕ್ಷೆ. ಅದರಲ್ಲಿ ಪಾಸಾದವರನ್ನು ಮಾತ್ರ ಮಾರ್ಚಿನ ಬೋರ್ಡ್ ಪರೀಕ್ಷೆಗೆ ಕಳಿಸುತ್ತಿದ್ದರು. ಇದು ಅದಕ್ಕೂ ಮೊದಲಿನ ತಾಲೀಮು. ಮಿತಾಲಿ ಇತಿಹಾಸದಲ್ಲಿ ಬಿದ್ದಳು. ಬರೀ ಬಿದ್ದಿದ್ದರೆ ಬೇರೆ ಮಾತು. ಉತ್ತರಪತ್ರಿಕೆ ನೋಡಿದ ಟೀಚರು, "ಈ ಹುಡುಗಿ ಅರ್ಥ ಮಾಡಿಕೊಳ್ಳದೆ ಗಿಣಿಪಾಠ ಒಪ್ಪಿಸ್ತಾಳೆ, ಅದೂ ತಲೆಬುಡ ಇಲ್ಲದ ಗಿಣಿಪಾಠ," ಎಂದು ಬರೆದಿದ್ದರು. ಬೊಡ್ದಿ ನನ್ನನ್ನು ಕರೆಸಿದರು.

"ಓದು ಅವಳಿಗೆ ಒಗ್ಗಲ್ಲ ಅನ್ನಿಸ್ತಿದೆ. ಪೂಜೆ ಮುಗಿದ ಮೇಲೆ ಬೆತ್ತದ ಕೆಲಸಕ್ಕೆ ಹಾಕ್ತೀನಿ. ಕುರ್ಚಿ ಹೆಣೆಯೋದು ಕಲಿತರೆ ಬದುಕಿಗೊಂದು ದಾರಿ. ಇಂಗ್ಲಿಷ್ ಉತ್ತರ, ನೀವೊಮ್ಮೆ ಓದಿ ಹೇಳಿ, ನಾನು ತಪ್ಪು ಮಾಡ್ತಿದ್ದೀನಾ?"

ಓದಿದೆ. ಮಿತಾಲಿ ಬಾಯಲ್ಲಿ ಹೇಳಿ ಬರೆಸಿದ್ದು, ಪಕ್ಕದ ಶಾಲೆಯ ಒಂಬತ್ತನೇ ತರಗತಿಯ ಹುಡುಗಿಯ ಅಕ್ಷರ. ಬಣ್ಣಕ್ಕಾಗಿ ನೀಲಿ ಗಿಡ ಬೆಳೆಯಲು ಒಪ್ಪದ ರೈತರ ಕುರಿತ ಪ್ರಶ್ನೆ. ಉತ್ತರ ಚೆನ್ನಾಗಿ ಹೊರಟು, ರೈತರು ಮುಂಗಡ ಪಡೆಯಲು ನಿರಾಕರಿಸಿ ತಮ್ಮ ಹೊಲಗಳಲ್ಲಿ ಎಂಬಲ್ಲಿ ಇದ್ದಕ್ಕಿದ್ದಂತೆ, ಆಯೋಗದ ಮುಂದೆ ಹಾಜರಾದ ಪಾದ್ರಿಗಳು ಎಂದು ಮುಂದುವರಿದಿತ್ತು. ಹೊಲದಲ್ಲಿ ಪಾದ್ರಿಗಳು. ಮೊದಲು ನಗು ಬಂತು. ಆಮೇಲೆ ಆ ಸಾಲನ್ನು ಮತ್ತೆ ಓದಿದೆ. ಯಾಕೆಂದರೆ ಆ ವಾಕ್ಯದ ಮುಂಭಾಗವೂ ಹಿಂಭಾಗವೂ ನನಗೆ ಗೊತ್ತು. ನಾನೇ ಟೈಪ್ ಮಾಡಿದವು. ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ. ನಡುವಿನ ಎರಡು ಸಾಲು ಮಾತ್ರ ಇರಲಿಲ್ಲ.

ಮಿತಾಲಿ ಅಂಗಳದ ಕಟ್ಟೆಯ ಮೇಲೆ ಕೂತಿದ್ದಳು. ಅವಳ ಪುಸ್ತಕ ತರಿಸಿ ಆ ಪಾಠ ತೆಗೆಸಿದೆ. ನನಗೆ ಬ್ರೈಲ್ ಬೆರಳಿಗೆ ಬರುವುದಿಲ್ಲ. ಬ್ರೈಲ್ ಅಕ್ಷರಗಳ ಪಟ್ಟಿ ಇಟ್ಟುಕೊಂಡು ಕಣ್ಣಿನಿಂದ ಒಂದೊಂದೇ ಅಕ್ಷರ ಕೂಡಿಸಿಕೊಳ್ಳಬೇಕು. ಮೊದಲ ಮೂರು ಹಾಳೆ ಸರಿ. ನಾಲ್ಕನೆಯದರಲ್ಲಿ ಹೊಲ. ಅದಕ್ಕೆ ಅಂಟಿಕೊಂಡೇ ಪಾದ್ರಿಗಳು.

"ಮಿತಾಲಿ, ಹೀಗಿದ್ದರೆ ಅರ್ಥವೇ ಆಗಲ್ಲವಲ್ಲ. ಯಾಕಮ್ಮ ಕೇಳಲಿಲ್ಲ?"

"ನಂಗೇ ಅರ್ಥ ಆಗ್ತಿಲ್ಲ ಅಂದ್ಕೊಂಡೆ ಮಾಶಿ. ಇಂಗ್ಲಿಷ್ ಹೀಗೇ ಇರತ್ತೇನೋ ಅಂತ."

"ಎಲ್ಲಾ ಪಾಠದಲ್ಲೂ ಹೀಗೇ ಇತ್ತಾ?"

"ನಾಲ್ಕನೇ ಹಾಳೆ ಆದ್ಮೇಲೆ ಯಾವಾಗಲೂ ಕಷ್ಟ. ಆಗ ನನ್ನ ತಲೆ ದಣಿಯತ್ತೆ ಅಂದ್ಕೊಂಡಿದ್ದೆ." ಪುಸ್ತಕ ಮುಚ್ಚಿ, "ನೀವು ಮಳೇಲಿ ಬಂದು ಮಾಡಿಕೊಡ್ತೀರಿ. ಸರಿ ಇಲ್ಲ ಅಂತ ಹೇಗೆ ಹೇಳೋದು?" ಎಂದಳು.

ಮನೆಗೆ ಮರಳುವ ರೈಲಿನಲ್ಲಿ ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದೆ. ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರಿದ್ದರು, ಹಿರಿಯರು ಕೇಳುವವರೆಗೆ ಬಾಯಿ ತೆರೆಯಬಾರದು ಎಂದು ಬೆರಳನ್ನು ತುಟಿಯ ಮೇಲಿಟ್ಟು ಕಲಿಸಿದವರು. ನಾನು ಆ ಪಾಠದಲ್ಲಿ ಯಾವತ್ತೂ ಮೊದಲ ದರ್ಜೆ. ಈ ಹುಡುಗಿಗೆ ಅದನ್ನು ಯಾರು ಕಲಿಸಿದರೋ.

ಭಾನುವಾರ ಸುನಂದಾ ಬಂದಳು, ಊಟಕ್ಕಲ್ಲ. ಇಬ್ಬರೂ ನೇರ ಶಾಲೆಗೆ ಹೋದೆವು. ಮೊದಲು ಅವಳು ನನ್ನ ಟೈಪಿಂಗ್ ಮೇಲೇ ಅನುಮಾನಪಟ್ಟಳು. ಕಡತ ತೆರೆದರೆ ಎಲ್ಲ ಸಾಲೂ ಇದ್ದವು. ಕೇಬಲ್ಲಿನ ತಿರುಪು ಸಡಿಲವೇ? ಬಿಗಿ. ಎರಡೂ ಕಡೆ ವೇಗ ಒಂದೇ ಇದೆಯೇ? ಇದೆ. ಅದೇ ಪೋರ್ಟನ್ನು ಇನ್ನಾವುದಾದರೂ ಪ್ರೋಗ್ರಾಂ ಹಿಡಿದು ಕೂತಿದೆಯೇ? ಇಲ್ಲ. ಒಂದು ಹಾಳೆ ಅಚ್ಚು ಹಾಕಿದರೆ ಲಕ್ಷಣವಾಗಿ ಬಂತು. ಹನ್ನೆರಡು ಹಾಕಿದರೆ ನಾಲ್ಕನೆಯದರಿಂದ ತೂತು. ವೇಗವನ್ನು ಬಹಳ ಇಳಿಸಿ ಮತ್ತೆ ಹಾಕಿದಳು. ಈ ಸಲ ಐದನೆಯ ಹಾಳೆಯ ಕೊನೆಯವರೆಗೆ ಸರಿ, ಆಮೇಲೆ ತೂತು.

"ಇದೇನ್ರಿ ಭೂತ! ನಿಧಾನ ಮಾಡಿದ್ರ ತಡವಾಗಿ ಬರ್ತೈತಿ," ಎಂದು ಪರದೆಯನ್ನೇ ನೋಡುತ್ತ ಉಗುರು ಕಚ್ಚಿದಳು.

ನಾನು ನನ್ನ ಮಾಮೂಲಿ ಜಾಗದಲ್ಲಿ, ಪೆಟ್ಟಿಗೆಯ ಪಕ್ಕದಲ್ಲಿ ಕೂತಿದ್ದೆ. ಅವಳು ಯೋಚಿಸುವಾಗ ಮಾತಾಡಿಸಬಾರದು ಎಂದು ಸುಮಾರು ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದೆ: "ಈ ದೀಪವೂ ಆವಾಗಲೇ ಆರತ್ತೆ."

"ಯಾವ ದೀಪ?"

"ಹಸಿರು ದೀಪ. ಮೊದಲ ಮೂರು ಹಾಳೆಗೆ ಆರೋದಿಲ್ಲ. ಆಮೇಲೆ ಆರ್ತಾ ಹೊತ್ತುತಾ ಇರತ್ತೆ. ಜೂನ್‌ನಿಂದ ನೋಡ್ತಿದ್ದೀನಿ."

ಸುನಂದಾ ಕುರ್ಚಿ ತಿರುಗಿಸಿದಳು. "ಜೂನ್‌ನಿಂದ ನೋಡಾಕತ್ತೀರಿ. ಮತ್ತ ನನಗ ಹೇಳಬಾರದೇನ್ರಿ?"

"ಯಾರೂ ಕೇಳಲಿಲ್ಲವಲ್ಲ."

ಅವಳು ಹಣೆ ಬಡಿದುಕೊಂಡಳು. ಆಮೇಲೆ ಪೆಟ್ಟಿಗೆಯ ಮುಂದೆ ನೆಲದ ಮೇಲೇ ಕೂತು ನನಗೆ ಬಿಡಿಸಿ ಹೇಳಿದಳು. ಕಂಪ್ಯೂಟರು ಬೇಗ ಕಳಿಸುತ್ತದೆ, ಯಂತ್ರ ನಿಧಾನ ಒತ್ತುತ್ತದೆ. ಮಿಕ್ಕದ್ದನ್ನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಹೊಟ್ಟೆ ತುಂಬಿದಾಗ ದೀಪ ಆರಿಸಿ, "ತಡಿ" ಎನ್ನುತ್ತದೆ. ಆ ಮಾತು ಹೋಗುವುದಕ್ಕೆ ಕೇಬಲ್ಲಿನಲ್ಲಿ ಬೇರೆಯೇ ತಂತಿ ಇರುತ್ತದೆ. ಕಂಪ್ಯೂಟರು ಅದನ್ನು ಕೇಳಿ ನಿಲ್ಲಬೇಕು. ನಿಲ್ಲದಿದ್ದರೆ ಕಳಿಸಿದ್ದೆಲ್ಲ ನೆಲದ ಪಾಲು.

"ಮತ್ತೆ ನಮ್ಮ ಕಂಪ್ಯೂಟರ್ ಯಾಕೆ ಕೇಳಲ್ಲ?"

ಅವಳು ಪರದೆಯ ಅಂಚಿನ ಚೀಟಿ ನೋಡಿದಳು. ನಾನು ಜೂನಿನಲ್ಲಿ ಬರೆದು ಅಂಟಿಸಿದ್ದು. ಸಿ, ಆರ್, ಟಿ, ಎಸ್, ಸಿ, ಟಿ, ಎಸ್. ಅದರ ಮುಂದೆ, ಮರೆಯಬಾರದೆಂದು ಕೆಂಪು ಪೆನ್ನಿನಲ್ಲಿ ಬರೆದ ಮೈನಸ್.

"ವೈನಿ," ಎಂದಳು ಮೆಲ್ಲಗೆ. "ಕೇಳಬ್ಯಾಡ ಅಂತ ನಾನ ಹೇಳೇನಿ ಅದಕ್ಕ. ಈ ಮೈನಸ್ ಅಂದ್ರ ಅದ."

ಮೈನಸ್ ತೆಗೆದು ಅಚ್ಚಿಗೆ ಕೊಟ್ಟಳು. ಯಂತ್ರ ಪೂರ್ತಿ ಮೂಕವಾಯಿತು, ಜೂನಿನಲ್ಲಿ ಆದಂತೆಯೇ. ತಿರುಪುಳಿ ತಂದು ಬೂದು ಕೇಬಲ್ಲಿನ ತುದಿಯ ಮುಚ್ಚಳ ಬಿಚ್ಚಿದಳು. ಒಂಬತ್ತು ಪಿನ್ನು ಇರುವ ಆ ತುದಿಯಲ್ಲಿ ಬೆಸುಗೆ ಹಾಕಿದ್ದು ಮೂರೇ ತಂತಿ. ಕಳಿಸುವುದಕ್ಕೊಂದು, ಪಡೆಯುವುದಕ್ಕೊಂದು, ಅರ್ತಿಂಗಿಗೊಂದು. ತಡಿ ಎನ್ನುವ ತಂತಿಯೇ ಇಲ್ಲ. ಕಂಪ್ಯೂಟರು ಈಗ ಯಂತ್ರ ಹೂಂ ಎನ್ನಲಿ ಎಂದು ಕಾಯುತ್ತಿತ್ತು. ಹೂಂ ಬರುವ ದಾರಿಯೇ ಇರಲಿಲ್ಲ.

ಸದ್ದಾಗಬಾರದೆಂದು ಯಂತ್ರ ಸರಿಸಿದವಳು ನಾನು. ಕಾಣಬಾರದೆಂದು ತೆಳ್ಳನೆಯದನ್ನು ಆರಿಸಿದವಳೂ ನಾನೇ.

"ನನ್ನ ತಪ್ಪು ಜಾಸ್ತಿ ಐತ್ರಿ," ಎಂದಳು ಸುನಂದಾ. "ಒಂದು ಹಾಳಿ ಬಂತು ಅಂದ ಕೂಡಲೇ ಫೋನ್ ಇಟ್ಟೆ. ನಾಕು ಹಾಳಿ ಹಾಕಿ ನೋಡ್ರಿ ಅನಬೇಕಿತ್ತು."

ಹಳೆಯ ದಪ್ಪ ಕೇಬಲ್ಲು ಬೀರುವಿನ ಹಿಂದೆ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಯಂತ್ರವನ್ನು ಮತ್ತೆ ಗೋಡೆಯ ಪಕ್ಕಕ್ಕೆ ಎಳೆದೆವು. ಹನ್ನೆರಡು ಹಾಳೆ ಹಾಕಿದೆವು. ನಾಲ್ಕನೆಯದರಲ್ಲಿ ಹಸಿರು ದೀಪ ಆರಿತು. ಸದ್ದು ನಿಲ್ಲಲಿಲ್ಲ, ಠಾಕುಮಾ ತನ್ನಲ್ಲಿದ್ದದ್ದನ್ನು ಒತ್ತುತ್ತಿದ್ದಳು. ಪರದೆಯ ಮೇಲೆ ಮಾತ್ರ ಕಂಪ್ಯೂಟರು ಸುಮ್ಮನೆ ಕಾಯುತ್ತಿತ್ತು. ದೀಪ ಹೊತ್ತಿತು, ಮುಂದುವರಿಯಿತು. ಆ ಹಾಳೆಯನ್ನು ಇಬ್ಬರೂ ಪಟ್ಟಿ ಹಿಡಿದು ಓದಿದೆವು. ಹೊಲಗಳಲ್ಲಿ ರೈತರು ಭತ್ತ ಬಿತ್ತಿದ್ದರು. ಪಾದ್ರಿಗಳು ಎರಡು ಸಾಲು ಆಚೆ, ತಮ್ಮ ಜಾಗದಲ್ಲಿದ್ದರು.

ಸುನಂದಾ ನೆಮ್ಮದಿಯಾಗಿ ಹೊರಟಳು. ನನಗೆ ಇನ್ನೂ ಕೆಲಸವಿತ್ತು. ಬೊಡ್ದಿಯ ಕೋಣೆಗೆ ಹೋಗಿ ನಿಂತೆ. ಚಿಕ್ಕವಳಿದ್ದಾಗ ಸಿಸ್ಟರ್ ಮುಂದೆ ನಿಲ್ಲುತ್ತಿದ್ದ ಹಾಗೆ. ಎಲ್ಲ ಹೇಳಿದೆ. ಅವರು ಮೇಜಿನ ಅಂಚನ್ನು ಸವರಿದರು.

"ನೀವಿಬ್ಬರೂ ಕಣ್ಣಿದ್ದವರು, ಬೆರಳಿನಿಂದ ಓದಲು ಬಾರದು," ಎಂದರು. "ನನಗೆ ಬರತ್ತೆ. ನಾನು ಮೊದಲ ಹಾಳೆ ಮಾತ್ರ ಓದಿದೆ." ಆಮೇಲೆ, "ಟೆಸ್ಟ್ ತನಕ ಬೆತ್ತದ ಮಾತು ಬೇಡ. ಆದರೆ ಟೆಸ್ಟಿನಲ್ಲಿ ಬಿದ್ದರೆ ನನ್ನ ಕೈಲಿ ಏನೂ ಇಲ್ಲ. ಇನ್ನು ಅವಳಿಗೆ ನೀವೇ ಹೇಳಿ," ಎಂದರು.

ಮಿತಾಲಿಗೆ ಹೇಳಿದಾಗ ಅವಳು ಅಳುತ್ತಾಳೆ ಅಥವಾ ಪರವಾಗಿಲ್ಲ ಮಾಶಿ ಎನ್ನುತ್ತಾಳೆ ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. "ನಾನು ದಡ್ಡಿ ಅಂತ ನಾನೇ ನಂಬಿದ್ದೆ," ಎಂದು ಹೇಳಿ ಎದ್ದು ಗೋಡೆ ಸವರಿಕೊಂಡು ಹೋಗಿಬಿಟ್ಟಳು. ಎರಡು ದಿನ ನನ್ನ ಹತ್ತಿರ ಬರಲಿಲ್ಲ. ನನ್ನ ಚಪ್ಪಲಿ ಸದ್ದು ಕೇಳಿದರೆ ಅಂಗಳದಿಂದ ಒಳಗೆ ಹೋಗುವಳು. ಮೂರನೆಯ ದಿನ ಅಚ್ಚಿನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದಳು:

"ಮಾಶಿ, ತಪ್ಪು ಬಾಯಿಪಾಠ ಆಗಿದೆ. ಈಗ ಅದನ್ನ ಮರೆಯೋದು ಹೇಗೆ?"

ಅದಕ್ಕೆ ನನ್ನಲ್ಲಾಗಲಿ ಸುನಂದಾಳಲ್ಲಾಗಲಿ ಯಾವ ಆಜ್ಞೆಯೂ ಇರಲಿಲ್ಲ.

ಪೂಜೆಯ ರಜೆ ಬಂತು. ಹುಡುಗಿಯರೆಲ್ಲ ಊರಿಗೆ ಹೋದರು, ಮಿತಾಲಿ ಉಳಿದಳು. ಷಷ್ಠಿಯಿಂದ ದಶಮಿಯವರೆಗೂ ನಾನು ದಿನಾ ಹೋದೆ. "ಊರಿಗೂರೇ ಪೆಂಡಾಲಿಗೆ ಠಾಕುರ್ ದೇವರನ್ನ ನೋಡೋಕೆ ಹೊರಟಿದ್ರೆ ನಮ್ಮನೆಯವಳು ಠಾಕುಮಾ ನೋಡೋಕೆ ಹೊರಟಿದ್ದಾಳೆ," ಎಂದು ಇವರು ಗೊಣಗಿದರೂ ಕಾಗದದ ಕಟ್ಟನ್ನು ಸ್ಟೇಷನ್‌ವರೆಗೆ ಹೊತ್ತು ತಂದರು. ಒಂದು ದಿನ ನಿಧಿಯೂ ಬಂದು ಹಾಳೆ ಜೋಡಿಸಿಕೊಟ್ಟಳು. ಹೊರಗೆ ಪೆಂಡಾಲಿನಿಂದ ಢಾಕ್ ಎಂಬ ಡೋಲಿನ ಸದ್ದು, ಧೂಪದ ಹೊಗೆ. ಒಳಗೆ ಯಂತ್ರದ ಸದ್ದು.

ಮಿತಾಲಿ ಪಾಠವನ್ನು ನೆನಪಿನಿಂದ ಒಪ್ಪಿಸುವಳು, ನಾನು ಮೂಲ ಪುಸ್ತಕ ಹಿಡಿದು ಅನುಸರಿಸುವೆ. ತೂತು ಬಂದಲ್ಲಿ ನಾನು ತಡೆಯಬೇಕು. ಮೊದಲೆರಡು ದಿನ ನನಗೆ ಅದೇ ಕಷ್ಟವಾಯಿತು. ಅವಳು ಅಷ್ಟು ಶ್ರದ್ಧೆಯಿಂದ ಹೇಳುವಾಗ ನಡುವೆ ಬಾಯಿ ಹಾಕಲಾರದೆ ವಾಕ್ಯ ಮುಗಿಯಲಿ ಎಂದು ಕಾಯುವೆ. ಅಷ್ಟರಲ್ಲಿ ಅವಳು ಮೂರು ಸಾಲು ಮುಂದೆ. ಕೊನೆಗೆ ಅವಳೇ ರೇಗಿದಳು: "ಮಾಶಿ, ನೀವು ಸುಮ್ಮನಿದ್ರೆ ನಾನು ಸರಿ ಅಂತ ನಂಗೆ ಅನ್ಸತ್ತೆ! ಮೇಜು ಕುಟ್ಟಿ."

ಕುಟ್ಟಿದೆ. ಅವಳೂ ಕುಟ್ಟಲು ಕಲಿತಳು. ನಾನು ಹೊಸ ಪಾಠ ಓದಿ ಹೇಳುವಾಗ ಅರ್ಥವಾಗದ ಕಡೆ ಅವಳ ಬೆರಳಿನ ಗೆಣ್ಣು ಟಕ್ ಎನ್ನುವುದು. ಮೊದಮೊದಲು ಒಂದು ಹೊತ್ತಿಗೆ ಒಂದು ಸಲ, ಹೆದರಿ. ದಶಮಿಯ ಹೊತ್ತಿಗೆ ಒಂದು ಹಾಳೆಗೆ ಐದು ಸಲ. ಎಷ್ಟೋ ಕಡೆ ನನಗೂ ಅರ್ಥ ಗೊತ್ತಿರಲಿಲ್ಲ. ಟೈಪ್ ಮಾಡಿದ್ದೆ, ಅಷ್ಟೆ. ಇಬ್ಬರೂ ಕೂತು ಯೋಚಿಸುತ್ತಿದ್ದೆವು.

ನವೆಂಬರಿನ ಕೊನೆಗೆ ಟೆಸ್ಟ್ ನಡೆಯಿತು. ಇತಿಹಾಸದ ದಿನ ನಾನು ಜಗಲಿಯಲ್ಲಿ ಉಣ್ಣೆಯ ಹೆಣಿಗೆ ಹಿಡಿದು ಕೂತಿದ್ದೆ. ಒಂದು ಸಾಲೂ ಹೆಣೆಯಲಿಲ್ಲ. ಚಳಿಗೆ ಕಿಟಕಿಯ ಪಟ್ಟಿಗಳು ಅರ್ಧ ಮುಚ್ಚಿದ್ದವು. ಮಿತಾಲಿ ಉತ್ತರ ಹೇಳುವುದು, ಬರೆಯುವ ಹುಡುಗಿಯ ಪೆನ್ನು ಸರಸರ ಓಡುವುದು ಕೇಳುತ್ತಿತ್ತು. ಆಮೇಲೆ ಮೇಜು ಕುಟ್ಟಿದ ಸದ್ದು, ಟಕ್.

"ನಿಲ್ಲು," ಎಂದಳು ಮಿತಾಲಿ. "ಬರೆದದ್ದು ಓದು."

ಹುಡುಗಿ ಓದಿದಳು.

"ಇಲ್ಲ. ನಡುವೆ ಒಂದು ವಾಕ್ಯ ಬಿಟ್ಟೆ. ಮತ್ತೆ ಹೇಳ್ತೀನಿ, ಬರಿ. ಆಗದಿದ್ರೆ ತಡಿ ಅನ್ನು, ನಾನು ಕಾಯ್ತೀನಿ."

ನಾನು ಉಣ್ಣೆಯ ಉಂಡೆಯನ್ನು ಎರಡು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ.

ಪಾಸಾದಳು. ಭಾರಿ ಅಂಕವೇನಲ್ಲ, ಆದರೆ ಪಾಸಾದಳು; ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆಯೂ ಆಯಿತು, ಅದೂ ದಾಟಿತು. ಬೊಡ್ದಿ ಆಮೇಲೆ ಪ್ರತಿ ಪಾಠದ ಕೊನೆಯ ಹಾಳೆಯನ್ನು ಮೊದಲು ಓದುವ ರೂಢಿ ಮಾಡಿಕೊಂಡರು. ಜೂನಿನಲ್ಲಿ ಇವರಿಗೆ ಮೈಸೂರಿಗೆ ವರ್ಗವಾಯಿತು. ಹೊರಡುವ ಹಿಂದಿನ ದಿನ ಶಾಲೆಗೆ ಹೋದಾಗ ಶಾಲೆಯವರು ಕೆಂಪಂಚಿನ ಸೀರೆ ಕೊಟ್ಟರು. ಮಿತಾಲಿ ಒಂದು ಹಾಳೆ ಕೊಟ್ಟಳು. ಯಂತ್ರದಲ್ಲಿ ಹಾಕಿದ್ದಲ್ಲ, ಬ್ರೈಲ್ ಹಲಗೆಯ ಮೇಲಿಟ್ಟು ಮೊಳೆಯಂಥ ಕಡ್ಡಿಯಿಂದ ಕೈಯಾರೆ ಚುಚ್ಚಿದ್ದು. "ರೈಲಿನಲ್ಲಿ ಓದಿ," ಎಂದಳು.

ಹೌರಾ ಬಿಟ್ಟ ಮೇಲೆ ಪಟ್ಟಿ ತೆಗೆದು ಒಂದೊಂದೇ ಅಕ್ಷರ ಕೂಡಿಸಿದೆ. ಮಾಶಿ, ಇನ್ನು ಮೇಲೆ ಠಾಕುಮಾ ಹತ್ತಿರ ನಾನೇ ಕೂರುತ್ತೇನೆ. ಚಿಕ್ಕವರ ಪುಸ್ತಕ ನಾನೇ ನೋಡುತ್ತೇನೆ. ನೀವು ನನಗೆ, ಎಂದು ಬರೆದು ಎರಡು ಸಾಲು ಖಾಲಿ. ಆಮೇಲೆ, ಅದನ್ನು ಮರೆಯಬೇಡಿ, ಎಂದು ಮುಗಿದಿತ್ತು.

ಹಾಳೆ ಹಲಗೆಯಿಂದ ಜಾರಿರಬೇಕು ಅಂದುಕೊಂಡೆ. ಪಾಪ, ಅಷ್ಟು ಕಷ್ಟಪಟ್ಟು ಬರೆದಿದ್ದಾಳೆ, ಬಿಟ್ಟುಹೋಗಿದೆ ಎಂದು ಹೇಳಿ ಅವಳ ಮನಸ್ಸು ಯಾಕೆ ನೋಯಿಸಲಿ? ಮೈಸೂರಿಗೆ ಬಂದು ಸಾಮಾನು ಬಿಚ್ಚಿದೆ, ಪರದೆ ಹಾಕಿದೆ, ಹಾಲಿನವನನ್ನು ಗೊತ್ತುಮಾಡಿದೆ. ದಿನಾ ಒಮ್ಮೆ ಆ ಹಾಳೆ ತೆಗೆದು ನೋಡುವುದು, ಮಡಿಚಿಡುವುದು. ಒಂಬತ್ತನೆಯ ದಿನ ಬೀದಿಯ ತುದಿಯ ಎಸ್‌ಟಿಡಿ ಬೂತಿಗೆ ನಡೆದೆ. ಯಾರೋ ಓಡಿಹೋಗಿ ಅವಳನ್ನು ಕರೆತಂದರು. ಹಿಂದಿನಿಂದ ಠಾಕುಮಾ ಗೊಣಗುವುದು ಕೇಳುತ್ತಿತ್ತು. ಒಮ್ಮೆ ನಿಂತು ಮತ್ತೆ ಶುರುವಾಯಿತು.

"ಮಿತಾಲಿ, ನಿನ್ನ ಕಾಗದದಲ್ಲಿ ನಡುವೆ ಎರಡು ಸಾಲು ಇಲ್ಲ. ಅಲ್ಲಿ ಏನಿತ್ತಮ್ಮ?"

ಆ ಕಡೆಯಿಂದ ಅವಳ ನಗು, ಬೂತಿನವನಿಗೂ ಕೇಳುವಷ್ಟು.

"ಏನೂ ಇರಲಿಲ್ಲ ಮಾಶಿ. ನೀವು ಕೇಳ್ತೀರಾ ಇಲ್ವಾ ಅಂತ ನೋಡಬೇಕಿತ್ತು. ಒಂಬತ್ತು ದಿನ ತಗೊಂಡ್ರಿ!"